ಡಾಕ್ಟರ್ ಆಗುವವರ ಕೈಗೆ ಸಿಗುವ ಒಂದು ತಿಂಗಳು

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ಸಂಘಟಕರು ನನಗೆ ಕೊಟ್ಟಿದ್ದ ವಿಷಯ ‘ಕಂಪ್ಯೂಟರ್ ಕ್ಷೇತ್ರದಲ್ಲಿ ಅವಕಾಶಗಳು’. ಅದನ್ನು ಹೇಳುವವರು ಯೂಟ್ಯೂಬಿನಲ್ಲಿ ಬೇಕಾದಷ್ಟು ಜನ ಇದ್ದಾರೆ, ನನಗಿಂತ ಚೆನ್ನಾಗಿಯೂ ಹೇಳುತ್ತಾರೆ. ಆದ್ದರಿಂದ ಅವರ ಒಪ್ಪಿಗೆ ಪಡೆದು ವಿಷಯ ಬದಲಾಯಿಸಿಕೊಂಡಿದ್ದೇನೆ. ಇವತ್ತು ನಾನು ಮಾತಾಡುವುದು ಎಂ.ಬಿ.ಬಿ.ಎಸ್. ಓದುತ್ತಿರುವ ಮಕ್ಕಳಿಗೆ ಸಿಗುವ ‘ಇಲೆಕ್ಟಿವ್’ ಬಗ್ಗೆ. ಅಂದರೆ ಅವರು ತಾವಾಗಿಯೇ ಆರಿಸಿಕೊಂಡು ಕಲಿಯಬಹುದಾದ ಕೆಲವು ದಿನಗಳ ಬಗ್ಗೆ.

ಬಿ.ಇ. ಓದಿದವನಿಗೆ ಈ ಉಸಾಬರಿ ಯಾಕೆ ಅಂತ ಕೇಳಬಹುದು. ಕಾರಣ ಎರಡು. ಒಂದು, ಇದೇ ಶಾಲೆಯಲ್ಲಿ ಓದಿದ ನನ್ನ ತಂಗಿ ಒಂದು ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ಈಗ ಇಂಟರ್ನ್‌ಶಿಪ್ ಮಾಡುತ್ತಿದ್ದಾಳೆ. ಎರಡು, ನಾನು ಬೆಂಗಳೂರಿನಲ್ಲಿ ಕೆಲಸ ಮಾಡುವ ಸಣ್ಣ ಕಂಪನಿ ಕಾಲೇಜುಗಳಿಗೆ ಸಾಫ್ಟ್‌ವೇರ್ ಬರೆಯುತ್ತದೆ. ಹಾಜರಿ, ಫೀಸು, ಲಾಗ್‌ಬುಕ್, ಜೊತೆಗೆ ಈ ಇಲೆಕ್ಟಿವ್ ಸೀಟುಗಳ ಹಂಚಿಕೆ. ಹಂಚಿಕೆಯ ಭಾಗ ನಮ್ಮ ತಂಡದ್ದು. ಹಾಗಾಗಿ ಮೆಡಿಕಲ್ ವಿದ್ಯಾರ್ಥಿಗಳು ಏನನ್ನು ಆರಿಸುತ್ತಾರೆ, ಹೇಗೆ ಆರಿಸುತ್ತಾರೆ ಅನ್ನುವುದನ್ನು ನಾನು ಹಿಂಬಾಗಿಲಿನಿಂದ ನೋಡುತ್ತಾ ಬಂದಿದ್ದೇನೆ.

ಇನ್ನೊಂದು ವಿಷಯವನ್ನೂ ಸೇರಿಸಿ ಹೇಳಬೇಕು. ನಮ್ಮ ರಾಜ್ಯದ ಕೋಟಾದ ಸೀಟುಗಳಲ್ಲಿ ಒಂದರಿಂದ ಹತ್ತನೇ ತರಗತಿಯವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇಕಡ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡ 5 ಮೀಸಲಾತಿ ಇದೆ. ಇಂಥ ಶಾಲೆಗಳ ಮಕ್ಕಳು ಮೆಡಿಕಲ್ ಕಾಲೇಜಿನ ಮೆಟ್ಟಿಲು ಹತ್ತುವುದಕ್ಕೆ ಅದರಿಂದ ದೊಡ್ಡ ಸಹಾಯ ಆಗಿದೆ. ಸೀಟು ಸಿಕ್ಕಿದಾಗ ನಾವು ಹಾರ ಹಾಕುತ್ತೇವೆ, ಬಸ್‌ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಕಟ್ಟುತ್ತೇವೆ. ಅಲ್ಲಿಗೆ ಊರಿನ ಕೆಲಸ ಮುಗಿಯಿತು. ಆಮೇಲೆ ಐದೂವರೆ ವರ್ಷ ಆ ಮಗು ಏನು ಕಲಿಯುತ್ತಿದೆ ಅಂತ ಯಾರೂ ಕೇಳುವುದಿಲ್ಲ. ಮೂರನೇ ವರ್ಷ ಮುಗಿಯುವ ಹೊತ್ತಿಗೆ ಮನೆಯವರಿಂದ ನನಗೆ ಒಂದು ಫೋನ್ ಬರುತ್ತದೆ: “ಅದೇನೋ ಇಲೆಕ್ಟಿವ್ ಅಂತೆ, ಯಾವುದು ತಗೊಂಡ್ರೆ ಒಳ್ಳೇದು?”

ಮೊದಲು ಇದು ಏನು ಅಂತ ಹೇಳಿಬಿಡುತ್ತೇನೆ. ಎಂ.ಬಿ.ಬಿ.ಎಸ್. ಅಂದರೆ ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್. ಮೊದಲ ವರ್ಷ ಶರೀರದ ರಚನೆ, ಅದರ ಕೆಲಸ, ಅದರೊಳಗಿನ ರಸಾಯನ. ಎರಡನೇ ವರ್ಷ ರೋಗ, ರೋಗಾಣು, ಔಷಧ. ಜೊತೆಗೆ ಬಿಳಿ ಕೋಟು ಹಾಕಿಕೊಂಡು ವಾರ್ಡಿಗೆ ಹೋಗುವುದು ಶುರು. ಯಾವ ತಿಂಗಳು ಯಾವ ವಾರ್ಡು, ಯಾವ ದಿನ ಯಾವ ಕ್ಲಾಸು, ಎಲ್ಲವನ್ನೂ ಕಾಲೇಜು ಗೆರೆ ಎಳೆದು ಇಟ್ಟಿರುತ್ತದೆ. 2019ರಲ್ಲಿ ಆಗಿನ ಭಾರತೀಯ ವೈದ್ಯಕೀಯ ಮಂಡಳಿ ತಂದ ಹೊಸ ಪಠ್ಯಕ್ರಮದಲ್ಲಿ ಮೊದಲ ಸಲ ವಿದ್ಯಾರ್ಥಿಯ ಇಷ್ಟಕ್ಕೆ ಅಂತ ಎರಡು ತಿಂಗಳು ಬಿಟ್ಟುಕೊಟ್ಟರು. ಮಂಡಳಿ ಹೋಗಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂದ ಮೇಲೆ, 2023ರ ನಿಯಮದಲ್ಲಿ ಅದು ಒಂದು ತಿಂಗಳಾಯಿತು. ಹದಿನೈದು ದಿನಗಳ ಎರಡು ಭಾಗ. ಮೂರನೆಯ ಹಂತದ ಮೊದಲ ಭಾಗದ ಪರೀಕ್ಷೆ ಬರೆದು, ಮೆಡಿಸಿನ್, ಸರ್ಜರಿ, ಹೆರಿಗೆ, ಮಕ್ಕಳ ವಿಭಾಗಗಳಲ್ಲಿ ಪೂರ್ತಿ ಮುಳುಗುವ ಕೊನೆಯ ಹಂತಕ್ಕೆ ಕಾಲಿಡುವ ಮೊದಲು ಈ ತಿಂಗಳು ಬರುತ್ತದೆ.

ಮೊದಲ ಹದಿನೈದು ದಿನ ಪ್ರಯೋಗಾಲಯದಲ್ಲೋ, ರೋಗಿಯನ್ನು ನೇರವಾಗಿ ನೋಡದ ವಿಭಾಗಗಳಲ್ಲೋ, ಅಥವಾ ನಡೆಯುತ್ತಿರುವ ಒಂದು ಸಂಶೋಧನೆಯಲ್ಲೋ ಇರಬಹುದು. ಎರಡನೆಯ ಹದಿನೈದು ದಿನ ಆಸ್ಪತ್ರೆಯ ಯಾವುದಾದರೂ ವಿಭಾಗ: ಐಸಿಯು ಆಗಬಹುದು, ರಕ್ತನಿಧಿ ಆಗಬಹುದು, ತುರ್ತು ಚಿಕಿತ್ಸೆ ಆಗಬಹುದು. ಹಳ್ಳಿಯದೋ ಪೇಟೆಯದೋ ಒಂದು ಸಮುದಾಯ ಚಿಕಿತ್ಸಾಲಯವೂ ಆಗಬಹುದು. ಯಾವ ಯಾವ ಕಡೆ ಎಷ್ಟು ಜನ, ಮಾರ್ಗದರ್ಶಕರು ಯಾರು ಅನ್ನುವ ಪಟ್ಟಿಯನ್ನು ಕಾಲೇಜು ಮೊದಲೇ ಮಾಡಬೇಕು. ಶೇಕಡ 75 ಹಾಜರಿ ಬೇಕು, ಲಾಗ್‌ಬುಕ್ ಒಪ್ಪಿಸಬೇಕು. ಇಲ್ಲದಿದ್ದರೆ ಕೊನೆಯ ಪರೀಕ್ಷೆಗೆ ಕೂರಿಸುವುದಿಲ್ಲ. ಬೇರೆ ಕಡೆ ಕಡಿಮೆಯಾದ ಹಾಜರಿಯನ್ನು ತುಂಬಿಕೊಳ್ಳುವುದಕ್ಕೆ ಈ ದಿನಗಳನ್ನು ಬಳಸಬಾರದು ಅಂತಲೂ ನಿಯಮದಲ್ಲಿ ಇದೆ. ಇಂಗ್ಲೆಂಡಿನವರಿಗೆ ಇದೇನೂ ಹೊಸದಲ್ಲ. ಅಲ್ಲಿನ ಮೆಡಿಕಲ್ ವಿದ್ಯಾರ್ಥಿಗಳು ಇದಕ್ಕಾಗಿ ಹಲವು ವಾರ ಹೊರದೇಶಕ್ಕೂ ಹೋಗುತ್ತಾರೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಹೀಗೆ ಬರುವವರಿದ್ದಾರೆ. ನಮ್ಮವರಿಗೆ ಈಗ ಶುರುವಾಗಿದೆ ಅಷ್ಟೆ.

ಈಗ ನಮ್ಮ ಶಾಲೆಯಲ್ಲಿ ನಮಗಿದ್ದ ಆಯ್ಕೆಗಳನ್ನು ಸ್ವಲ್ಪ ನೆನಪು ಮಾಡಿಕೊಳ್ಳಿ. ಮೊದಲ ಭಾಷೆ ಕನ್ನಡ, ಎರಡನೆಯದು ಇಂಗ್ಲಿಷ್, ಮೂರನೆಯದು ಹಿಂದಿ. ಬೇರೆ ಕೇಳುವ ಹಾಗಿಲ್ಲ. ಆಟದ ಪೀರಿಯಡ್ಡಿನಲ್ಲಿ ಕಬಡ್ಡಿ ಅಥವಾ ವಾಲಿಬಾಲ್, ಅದೂ ಬಾಲಿನಲ್ಲಿ ಗಾಳಿ ನಿಂತರೆ. ಎಸ್ಸೆಸ್ಸೆಲ್ಸಿ ಆದಮೇಲೆ ಮಾರ್ಕ್ಸ್ ನೋಡಿ ಯಾರು ಸೈನ್ಸ್, ಯಾರು ಕಾಮರ್ಸ್ ಅಂತ ಮನೆಯವರೂ ಮೇಷ್ಟ್ರುಗಳೂ ತೀರ್ಮಾನ ಮಾಡಿದರು. ಇದನ್ನು ದೂರಾಗಿ ಹೇಳುತ್ತಿಲ್ಲ, ಅವತ್ತು ನಮಗೆ ಅದೇ ದಾರಿ. ಆದರೆ ಹೀಗೆ ಬೆಳೆದ ಹುಡುಗ ಹುಡುಗಿಯರ ಮುಂದೆ ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಒಂದು ಫಾರ್ಮ್ ಬಂದು “ನಿನಗೆ ಏನು ಕಲಿಯಬೇಕು ಅನಿಸುತ್ತದೆ, ಕ್ರಮವಾಗಿ ಬರೆ” ಅನ್ನುತ್ತದೆ. ಯಾರೂ ಹಿಂದೆ ಕೇಳಿರದ ಪ್ರಶ್ನೆ ಅದು. ಪೆನ್ನು ಓಡುವುದಿಲ್ಲ. ಪಕ್ಕದ ಹುಡುಗ ಏನು ಬರೆದ ಅಂತ ನೋಡುತ್ತಾರೆ. ಬೆಂಗಳೂರಿನಲ್ಲಿ ಅಪ್ಪ ಅಮ್ಮ ಇಬ್ಬರೂ ಡಾಕ್ಟರಾಗಿರುವ ಮನೆಯಿಂದ ಬಂದವರಿಗೆ ಊಟದ ಹೊತ್ತಿನಲ್ಲೇ ಉತ್ತರ ಸಿಗುತ್ತದೆ. ನಮ್ಮ ಮಕ್ಕಳಿಗೆ ಹಾಸ್ಟೆಲಿನ ಸೀನಿಯರ್ ಹೇಳಿದ್ದೇ ವೇದ.

ಸೀನಿಯರ್ ಹೇಳುವುದು ಏನು ಗೊತ್ತಾ? “ಮಧ್ಯಾಹ್ನಕ್ಕೇ ಬಿಡುವ ಡಿಪಾರ್ಟ್‌ಮೆಂಟ್ ತಗೋ, ರೂಮಿಗೆ ಬಂದು ಪಿಜಿ ಎಂಟ್ರೆನ್ಸಿಗೆ ಓದು.” ಈ ಮಾತಿನಲ್ಲಿ ಹುರುಳಿಲ್ಲ ಅಂತ ಹೇಳಲಾರೆ. ಎಂ.ಬಿ.ಬಿ.ಎಸ್. ಒಂದರಿಂದಲೇ ಬದುಕು ಗಟ್ಟಿಯಾಗುವುದಿಲ್ಲ ಅನ್ನುವ ಭಯ ಎಲ್ಲರಿಗೂ ಇದೆ. ಸಾಲ ಮಾಡಿ ಓದಿಸಿದ ಮನೆಗಳಲ್ಲಿ ಇನ್ನೂ ಹೆಚ್ಚು. ನನ್ನ ತಂಗಿಗೂ ಅಪ್ಪ ಹೇಳಿದ್ದು ಅದನ್ನೇ: “ಒಂದು ತಿಂಗಳು ಮನೇಲಿ ಕೂತು ಪಿಜಿಗೆ ಓದು ಮಗಾ, ಊಟ ತಿಂಡಿ ಹೊತ್ತಿಗೆ ಸರಿಯಾಗಿ ಸಿಗತ್ತೆ.” ಹಾಜರಿ ಕಡ್ಡಾಯ ಅಂತ ಗೊತ್ತಾದ ಮೇಲೂ ಅವರ ಮನಸ್ಸಿನಲ್ಲಿ ಅದು ರಜೆಯೇ.

ಅವಳು ಮೊದಲ ಭಾಗಕ್ಕೆ ಮೈಕ್ರೋಬಯಾಲಜಿ ತೆಗೆದುಕೊಂಡಳು. ಸೂಕ್ಷ್ಮಾಣುಗಳ ಲ್ಯಾಬು. ಯಾಕೆ ಅಂತ ನಮ್ಮ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1957ರಲ್ಲಿ ಸೊರಬದ ಕಡೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳಲು ಶುರುವಾಗಿ, ಆ ಕಾಯಿಲೆಗೆ ಆ ಕಾಡಿನ ಹೆಸರೇ ಬಂತು. 2018ರ ಕೊನೆ, 2019ರ ಮೊದಲ ತಿಂಗಳುಗಳಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಅದು ಮತ್ತೆ ಎದ್ದಾಗ ನಾವೆಲ್ಲ ಉಣುಗು ಅಂದರೆ ಬೆಚ್ಚಿಬೀಳುತ್ತಿದ್ದೆವು. ಸೊಪ್ಪಿಗೆ ಹೋಗುವವರು ಡಿಎಂಪಿ ಎಣ್ಣೆ ಹಚ್ಚಿಕೊಂಡು ಹೋಗುತ್ತಿದ್ದರು. ತಂಗಿ ಆಗ ಕಾಲೇಜು ಹುಡುಗಿ. ರಕ್ತದ ಸ್ಯಾಂಪಲ್ಲು ತೆಗೆದುಕೊಂಡು ಹೋದರು, ವರದಿ ಬರಲಿಲ್ಲ, ಯಾಕೆ ಬರಲಿಲ್ಲ ಅಂತ ಎಲ್ಲರೂ ಮಾತಾಡಿಕೊಳ್ಳುತ್ತಿದ್ದದ್ದು ಅವಳ ತಲೆಯಲ್ಲಿ ಉಳಿದಿತ್ತು.

ಲ್ಯಾಬಿನಲ್ಲಿ ಅವಳು ಕಂಡದ್ದು ಡೆಂಗಿ ಸ್ಯಾಂಪಲ್ಲುಗಳು. ಡೆಂಗಿಗೆ ಎರಡು ಬಗೆಯ ಪರೀಕ್ಷೆ ಇವೆಯಂತೆ. ಜ್ವರ ಬಂದ ಮೊದಲ ನಾಲ್ಕೈದು ದಿನದಲ್ಲಿ ಎನ್ಎಸ್1 ಅನ್ನುವುದು ಸಿಗುತ್ತದೆ. ಆಮೇಲೆ ಅದು ಇಳಿದು, ದೇಹವೇ ತಯಾರಿಸುವ ಐಜಿಎಂ ಅನ್ನುವ ಪ್ರತಿಕಾಯ ಸಿಗತೊಡಗುತ್ತದೆ. ಅಂದರೆ ಜ್ವರ ಯಾವ ದಿನ ಶುರುವಾಯಿತು ಅಂತ ಗೊತ್ತಿಲ್ಲದೆ ತಪ್ಪು ಪರೀಕ್ಷೆ ಮಾಡಿದರೆ, ಕಾಯಿಲೆ ಇದ್ದರೂ ‘ಇಲ್ಲ’ ಅಂತ ವರದಿ ಬರಬಹುದು. ಹಳ್ಳಿಗಳಿಂದ ಬಂದ ಫಾರ್ಮುಗಳಲ್ಲಿ ಎಷ್ಟೋ ಸಲ ಆ ಒಂದು ಕಾಲಂ ಖಾಲಿ ಇರುತ್ತಿತ್ತು. ಹೆಸರಿದೆ, ವಯಸ್ಸಿದೆ, ಜ್ವರ ಶುರುವಾದ ತಾರೀಕಿಲ್ಲ. ಫೋನಿನಲ್ಲಿ ಇದನ್ನು ಕೇಳಿ ನನಗೆ ತುಂಬ ಖುಷಿಯಾಯಿತು, ಯಾಕೆಂದರೆ ಇದು ನನ್ನ ಕಸುಬಿನ ಮಾತು. ಖಾಲಿ ಬಿಟ್ಟ ಒಂದು ಕಾಲಂ ಮುಂದಿನ ಲೆಕ್ಕವನ್ನೆಲ್ಲ ಕೆಡಿಸುವುದನ್ನು ನಾನು ದಿನಾ ನೋಡುತ್ತೇನೆ. ಈಗ ಅವಳು ಇಂಟರ್ನ್ ಆಗಿ ಫಾರ್ಮ್ ಬರೆಯುವಾಗ “ಅಜ್ಜೀ, ಜ್ವರ ಬಂದದ್ದು ಸಂತೆ ದಿನಕ್ಕಿಂತ ಮೊದಲಾ, ಆಮೇಲಾ?” ಅಂತ ಕೇಳಿ ತಾರೀಕು ಹೊರಡಿಸುತ್ತಾಳಂತೆ.

ಎರಡನೆಯ ಭಾಗದ ಆಯ್ಕೆ ಮನೆಯಲ್ಲಿ ದೊಡ್ಡ ಚರ್ಚೆಗೆ ಕಾರಣವಾಯಿತು. ಅವಳಿಗೆ ಬೇಕಾಗಿದ್ದು ಅರಿವಳಿಕೆ ವಿಭಾಗ, ಅನಸ್ತೇಶಿಯಾ. ಅಮ್ಮನಿಗೆ ಅರ್ಥವೇ ಆಗಲಿಲ್ಲ. “ಮತ್ತು ಬರಿಸೋದು ಕಲಿಯೋದಕ್ಕೆ ಇಷ್ಟು ದೂರ ಹೋಗಿದ್ದಾ?” ಅಂದರು. ಅವಳ ಲೆಕ್ಕ ಬೇರೆ ಇತ್ತು. ಅವಳು ತನ್ನನ್ನೇ ಕೇಳಿಕೊಂಡದ್ದು ಒಂದೇ ಪ್ರಶ್ನೆ: ನಾಳೆ ನಾನೊಬ್ಬಳೇ ಒಂದು ಹಳ್ಳಿ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯಲ್ಲಿದ್ದಾಗ ಯಾವ ಕೆಲಸ ಕೈಗೆ ಬರದಿದ್ದರೆ ನನಗೆ ಭಯ? ಉತ್ತರ ಅವಳಿಗೆ ಥಟ್ಟನೆ ಬಂತು. ಉಸಿರು ನಿಂತವರನ್ನು ಹಿಡಿದುಕೊಳ್ಳುವುದು. ವಿಷ ಕುಡಿದವರು, ಹಾವು ಕಚ್ಚಿ ಕಣ್ಣುರೆಪ್ಪೆ ಬಿದ್ದುಹೋದವರು, ಹುಟ್ಟಿ ಅಳದ ಕೂಸು. ಇವರಿಗೆಲ್ಲ ಮೊದಲು ಬೇಕಾದದ್ದು ಉಸಿರು. ಮಿಕ್ಕ ಔಷಧ ಆಮೇಲೆ. ಉಸಿರಿನ ದಾರಿಯನ್ನು ದಿನವಿಡೀ ನೋಡಿಕೊಳ್ಳುವವರು ಅರಿವಳಿಕೆಯವರು. ಎಷ್ಟೋ ತಾಲೂಕು ಆಸ್ಪತ್ರೆಗಳಲ್ಲಿ ಹೆರಿಗೆ ಡಾಕ್ಟರು ಇದ್ದೂ ಅರಿವಳಿಕೆ ಡಾಕ್ಟರು ಇಲ್ಲದೆ, ಸಿಜೇರಿಯನ್‌ಗೆ ಅಂತ ಬಸುರಿಯನ್ನು ರಾತ್ರೋರಾತ್ರಿ ಜಿಲ್ಲಾ ಕೇಂದ್ರಕ್ಕೆ ಕಳಿಸುವುದನ್ನು ನೀವೆಲ್ಲ ಕಂಡಿದ್ದೀರಿ. ಆ ಆಂಬುಲೆನ್ಸಿನಲ್ಲಿ ಕೂತು ಹೋದವರು ಈ ಸಭೆಯಲ್ಲೇ ಇದ್ದಾರೆ.

ಹದಿನೈದು ದಿನದಲ್ಲಿ ಅವಳೇನೂ ಅರಿವಳಿಕೆ ಕೊಡಲು ಕಲಿತುಬಿಡಲಿಲ್ಲ. ಅದಕ್ಕೆ ಮೂರು ವರ್ಷದ ಪಿಜಿಯೇ ಬೇಕು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಆಕ್ಸಿಜನ್ ಸಿಲಿಂಡರ್ ನೋಡುವುದು, ಸಕ್ಷನ್ ಎಳೆಯುತ್ತದಾ ನೋಡುವುದು, ಗಂಟಲು ನೋಡುವ ಉಪಕರಣದ ದೀಪ ಉರಿಯುತ್ತದಾ ನೋಡುವುದು. ಆಪರೇಷನ್ನಿಗೆ ಬಂದವರನ್ನು “ಕಡೇ ಸಲ ಏನು ತಿಂದಿರಿ, ಎಷ್ಟು ಹೊತ್ತಾಯಿತು, ಹಲ್ಲು ಯಾವುದಾದರೂ ಅಲ್ಲಾಡುತ್ತಾ?” ಅಂತ ಕೇಳುವುದು. ಬಾಯಿ ಮೂರು ಬೆರಳಿನಷ್ಟು ಅಗಲ ತೆರೆಯುತ್ತದಾ ನೋಡುವುದು. ಮತ್ತೆ ಮಾಸ್ಕು ಹಿಡಿಯುವುದು. ಹೆಬ್ಬೆರಳು ತೋರುಬೆರಳು ಮಾಸ್ಕನ್ನು ಮುಖಕ್ಕೆ ಒತ್ತಿರಬೇಕು, ಉಳಿದ ಮೂರು ಬೆರಳು ದವಡೆಯ ಎಲುಬನ್ನು ಮೇಲಕ್ಕೆ ಎತ್ತಿ ಹಿಡಿದಿರಬೇಕು, ಇನ್ನೊಂದು ಕೈ ಬಲೂನು ಒತ್ತಬೇಕು. ಮೊದಲ ಎರಡು ದಿನ ಪಕ್ಕದಿಂದ ಗಾಳಿ ಸೋರುತ್ತಲೇ ಇತ್ತಂತೆ. “ಅಣ್ಣ, ಗಂಟಲಿಗೆ ಟ್ಯೂಬು ಹಾಕೋದು ನೋಡಕ್ಕೆ ಹೋಗಿದ್ದೆ, ಗದ್ದ ಎತ್ತಿ ಹಿಡಿಯೋದು ಕಲಿತು ಬಂದೆ” ಅಂದಳು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಟ್ಯೂಬು ಸಿಗದೇ ಇರಬಹುದು, ಕೈಬೆರಳು ಇದ್ದೇ ಇರುತ್ತವೆ.

ನಾನು ಈ ಕಥೆ ಹೇಳುವುದು ಎಲ್ಲರೂ ಅರಿವಳಿಕೆ ತೆಗೆದುಕೊಳ್ಳಲಿ ಅಂತಲ್ಲ. ಅವಳು ಕೇಳಿಕೊಂಡ ಪ್ರಶ್ನೆ ನನಗೆ ಮುಖ್ಯ. ಮುಂದೆ ಯಾವ ಪಿಜಿ ಮಾಡಬೇಕು ಅಂತ ಪರೀಕ್ಷಿಸಿ ನೋಡುವುದಕ್ಕೆ ಇಲೆಕ್ಟಿವ್ ಬಳಸುವವರಿದ್ದಾರೆ, ಅದೂ ಸರಿಯೇ. ಹೊರಗಿನಿಂದ ಚೆಂದ ಕಾಣುವ ವಿಭಾಗದ ಬೇಸರದ ಮಂಗಳವಾರಗಳನ್ನು ಹದಿನೈದು ದಿನ ಒಳಗಿದ್ದು ನೋಡಿದರೆ, ಮೂರು ವರ್ಷ ಸಿಕ್ಕಿಕೊಳ್ಳುವ ಮೊದಲೇ ಗೊತ್ತಾಗುತ್ತದೆ. ಆದರೂ ನನ್ನ ಮತ ಕೇಳಿದರೆ, ತಮಗೆ ಗಟ್ಟಿಯಾಗಿ ಗೊತ್ತಿರುವುದನ್ನೇ ಇನ್ನೊಂದು ಸಲ ನೋಡುವುದಕ್ಕಿಂತ ತಮ್ಮ ಕೈಯಲ್ಲಿ ಇಲ್ಲದ್ದನ್ನು ತುಂಬಿಕೊಳ್ಳುವುದು ಹೆಚ್ಚು ಲಾಭ. ಮೆಡಿಸಿನ್, ಸರ್ಜರಿ ಹೇಗೂ ಮುಂದೆ ತಿಂಗಳುಗಟ್ಟಲೆ ಬರುತ್ತವೆ. ಮನೋರೋಗ ವಿಭಾಗ ಬರುವುದು ಕೆಲವೇ ವಾರ.

ಮನೋರೋಗದ ಮಾತು ಬಂದದ್ದರಿಂದ ಕನ್ನಡ ಮಾಧ್ಯಮದ ಮಕ್ಕಳಿಗೆ ಒಂದು ಮಾತು. ನಮ್ಮವರು ಇಲೆಕ್ಟಿವ್ ಆರಿಸುವಾಗ ಇಂಗ್ಲಿಷಿನಲ್ಲಿ ಎದ್ದು ನಿಂತು ಮಾತಾಡಬೇಕಾದ ಕಡೆಗಳನ್ನು ತಪ್ಪಿಸುತ್ತಾರೆ. ಸೆಮಿನಾರ್ ಇದೆ ಅಂದರೆ ಆ ವಿಭಾಗವೇ ಬೇಡ. ಆದರೆ ರೋಗಿ ಮಾತಾಡುವುದು ಯಾವ ಭಾಷೆಯಲ್ಲಿ? “ಎದೆ ಚುಳುಕ್ ಅಂತು”, “ಹೊಟ್ಟೆ ತೊಳಸತ್ತೆ”, “ಕೈಕಾಲು ಜೋಮು ಹಿಡೀತು”, “ಏನೋ ಸಂಕಟ, ಹೇಳಕ್ಕಾಗಲ್ಲ”. ಸಂಕಟ ಅನ್ನುವ ಒಂದು ಪದ ಹೃದಯದ್ದೋ, ಹೊಟ್ಟೆಯದ್ದೋ, ಮನಸ್ಸಿನದ್ದೋ ಅಂತ ಹೇಳುವವರ ದನಿಯಿಂದಲೇ ತಿಳಿಯಬೇಕು. ಈ ಭಾಷೆಯಲ್ಲಿ ಹುಟ್ಟಿ ಬೆಳೆದವರಿಗೆ ಅದು ಪುಕ್ಕಟೆ ಬಂದಿದೆ. ಪಕ್ಕದಲ್ಲಿ ನಿಂತ ದೆಹಲಿಯ ಹುಡುಗನಿಗೆ ದುಭಾಷಿ ಬೇಕು. ಹಾಗಾಗಿ ಮಾತೇ ಮುಖ್ಯವಾದ ವಿಭಾಗಗಳನ್ನು, ಅಂದರೆ ಮನೋರೋಗವನ್ನೋ ಸಮುದಾಯ ಚಿಕಿತ್ಸಾಲಯವನ್ನೋ, ನಮ್ಮ ಮಕ್ಕಳು ಧೈರ್ಯವಾಗಿ ಬರೆಯಬೇಕು. ಸೆಮಿನಾರಿನ ಇಂಗ್ಲಿಷ್ ಮೂರನೆಯ ಸಲಕ್ಕೆ ಬಂದೇ ಬರುತ್ತದೆ. ನನಗೂ ಮೊದಲ ವರ್ಷದ ಬಿ.ಇ.ಯಲ್ಲಿ ಹಾಗೆಯೇ ಬಂತು.

ವಿಭಾಗಕ್ಕಿಂತ ಮಾರ್ಗದರ್ಶಕರು ಮುಖ್ಯ ಅನ್ನುವುದನ್ನೂ ಹೇಳಬೇಕು. ಸೀನಿಯರನ್ನು “ಎಷ್ಟು ಗಂಟೆಗೆ ಬಿಡ್ತಾರೆ?” ಅಂತ ಕೇಳುವ ಬದಲು “ಅಲ್ಲಿ ಕೆಲಸ ಕೊಡ್ತಾರಾ, ಮೂಲೇಲಿ ನಿಲ್ಲಿಸ್ತಾರಾ?” ಅಂತ ಕೇಳಿ. ಎಷ್ಟು ದೊಡ್ಡ ವಿಭಾಗವಾದರೂ ಹದಿನೈದು ದಿನ ಗೋಡೆಗೆ ಒರಗಿ ನಿಂತರೆ ಕಾಲು ನೋವಷ್ಟೇ ಲಾಭ. ಲಾಗ್‌ಬುಕ್ ವಿಷಯ ಹೇಳಿದರೆ ನಗುತ್ತೀರಿ. ನಮ್ಮ ಸಾಫ್ಟ್‌ವೇರಿನಲ್ಲಿ ಯಾವ ನಮೂದು ಯಾವಾಗ ಬಂತು ಅಂತ ಕಾಣುತ್ತದೆ. ಹದಿನೈದೂ ದಿನದ ಅನುಭವ ಕೊನೆಯ ದಿನ ರಾತ್ರಿ ಒಟ್ಟಿಗೆ ಬರುತ್ತದೆ, ಒಬ್ಬರ ಕಾಗುಣಿತದ ತಪ್ಪೂ ಸಮೇತ ನಾಲ್ಕು ಜನರ ಹೆಸರಿನಲ್ಲಿ. ನಮ್ಮ ಕಾಲದಲ್ಲಿ ಸೈನ್ಸ್ ರೆಕಾರ್ಡ್ ಬರೆದ ಹಾಗೆಯೇ.

ಇನ್ನು ಹಂಚಿಕೆ. ಇದು ನನ್ನ ಕೆಲಸ, ಆದ್ದರಿಂದ ಎರಡು ನಿಮಿಷ ಹೆಚ್ಚಿಗೆ ಕೊಡಿ. ತಂಗಿಯ ಕಾಲೇಜಿನಲ್ಲಿ ‘ಮೊದಲು ಬಂದವರಿಗೆ ಮೊದಲು’ ಅಂತ ಇಟ್ಟಿದ್ದರು. ರಾತ್ರಿ ಇಷ್ಟು ಗಂಟೆಗೆ ಲಿಂಕ್ ತೆರೆಯುತ್ತದೆ, ಯಾರು ಮೊದಲು ಒತ್ತುತ್ತಾರೋ ಅವರಿಗೆ. ಅವಳು ಆಗ ಊರಿನಲ್ಲಿ ಇದ್ದಳು. ನಮ್ಮ ಮನೆಯ ನೆಟ್‌ವರ್ಕ್ ನಿಮಗೆ ಗೊತ್ತು. ಟಾರ್ಚ್ ಹಿಡಿದುಕೊಂಡು ಅಪ್ಪನ ಜೊತೆ ಗುಡ್ಡದ ಮೇಲಿನ ನೀರಿನ ಟ್ಯಾಂಕಿನ ಹತ್ತಿರ ಹೋಗಿ, ಸಿಗ್ನಲ್ ಸಿಕ್ಕಿ, ಪುಟ ತೆರೆಯುವಷ್ಟರಲ್ಲಿ ಅರಿವಳಿಕೆಯ ಸೀಟು ಮುಗಿದಿತ್ತು. ಚರ್ಮರೋಗ ವಿಭಾಗ ಸಿಕ್ಕಿತು. ಹಾಸ್ಟೆಲಿನ ವೈಫೈ ಪಕ್ಕದಲ್ಲಿ ಇದ್ದವರಿಗೆ ಬೇಕಾದ್ದು ಸಿಕ್ಕಿತ್ತು. ಕಲಿಯುವ ಆಸೆಗೂ ಬೆರಳಿನ ವೇಗಕ್ಕೂ ಏನು ಸಂಬಂಧ?

ಇಂಥ ಹಂಚಿಕೆಯ ಲೆಕ್ಕ ಹಳೆಯದು. ಅಮೆರಿಕದಲ್ಲಿ ಹೊಸ ಡಾಕ್ಟರುಗಳನ್ನು ಹಿಡಿದುಕೊಳ್ಳಲು ಆಸ್ಪತ್ರೆಗಳು ಪೈಪೋಟಿ ನಡೆಸಿ, ಓದು ಮುಗಿಯುವ ಎರಡು ವರ್ಷ ಮೊದಲೇ ಹುಡುಗರನ್ನು ಬುಕ್ ಮಾಡುವ ಸ್ಥಿತಿ ಬಂದಿತ್ತು. ಅದನ್ನು ಸರಿಮಾಡಲು 1952ರಿಂದ ಎರಡೂ ಕಡೆಯವರ ಇಷ್ಟದ ಪಟ್ಟಿಯನ್ನು ಒಂದೇ ಕಡೆ ಸೇರಿಸಿ ಜೋಡಿಸುವ ಪದ್ಧತಿ ಬಂತು. 1962ರಲ್ಲಿ ಡೇವಿಡ್ ಗೇಲ್, ಲಾಯ್ಡ್ ಶಾಪ್ಲಿ ಅನ್ನುವ ಇಬ್ಬರು ಗಣಿತಜ್ಞರು ಇಂಥ ಜೋಡಣೆಯ ಲೆಕ್ಕವನ್ನು ಬರೆದರು. ಉದಾಹರಣೆಗೆ ತೆಗೆದುಕೊಂಡದ್ದು ಕಾಲೇಜು ಸೀಟು ಮತ್ತು ಮದುವೆ. ಆಲ್ವಿನ್ ರಾತ್ ಅನ್ನುವವರು ಅದನ್ನು ಡಾಕ್ಟರುಗಳ ಹಂಚಿಕೆಗೆ ಹೊಂದಿಸಿ ಬೆಳೆಸಿದರು. 2012ರಲ್ಲಿ ಶಾಪ್ಲಿ, ರಾತ್ ಇಬ್ಬರಿಗೂ ಅರ್ಥಶಾಸ್ತ್ರದ ನೊಬೆಲ್ ಬಂತು.

ನಮ್ಮ ಒಂದು ತಿಂಗಳಿಗೆ ನೊಬೆಲ್ ಲೆಕ್ಕವೇನೂ ಬೇಡ, ಚೀಟಿ ಸಾಕು. ಎಲ್ಲರೂ ವಾರದ ಮೊದಲೇ ನಿಧಾನವಾಗಿ ತಮ್ಮ ಇಷ್ಟದ ಪಟ್ಟಿ ಬರೆದುಕೊಡಲಿ. ಚೀಟಿ ಎತ್ತಿ ಸರದಿ ಮಾಡಲಿ. ಮೊದಲ ಚೀಟಿಯವರಿಗೆ ಅವರ ಪಟ್ಟಿಯ ಮೊದಲನೆಯದು, ಮುಂದಿನವರಿಗೆ ಉಳಿದದ್ದರಲ್ಲಿ ಅವರ ಪಟ್ಟಿಯ ಮೇಲಿನದು, ಹೀಗೆ. ಎರಡನೆಯ ಭಾಗಕ್ಕೆ ಸರದಿಯನ್ನು ತಿರುಗಿಸಿದರೆ ಆಯಿತು, ಮೊದಲು ಕೊನೆಗಿದ್ದವರು ಈಗ ಮೊದಲು. ಇದರ ಒಂದು ಗುಣ ಅಂದರೆ, ಮನಸ್ಸಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದರೆ ಯಾರಿಗೂ ನಷ್ಟವಿಲ್ಲ. ‘ಅದು ಸಿಗಲಿಕ್ಕಿಲ್ಲ, ಅದಕ್ಕೇ ಇದನ್ನು ಮೊದಲು ಹಾಕೋಣ’ ಅನ್ನುವ ಚಾಲಾಕಿತನ ಬೇಕಾಗುವುದಿಲ್ಲ. ಕೆಲವು ಕಾಲೇಜುಗಳು ಮಾರ್ಕ್ಸ್ ಪ್ರಕಾರ ಕೊಡಿ ಅಂತ ನಮಗೆ ಹೇಳುತ್ತವೆ. ಹೇಳಿದ ಹಾಗೆ ಬರೆದುಕೊಡುತ್ತೇವೆ, ಸಂಬಳದ ಕೆಲಸ. ನನಗೆ ಮಾತ್ರ ಅದು ಸರಿಕಾಣುವುದಿಲ್ಲ. ಇಲೆಕ್ಟಿವ್ ಕೊಡುವುದು ಕಲಿಯಲಿ ಅಂತ, ಕಡಿಮೆ ಮಾರ್ಕ್ಸಿನವರಿಗೆ ಕಲಿಯುವುದು ಹೆಚ್ಚೇ ಇರುತ್ತದೆ.

ತಂಗಿಗೆ ಅರಿವಳಿಕೆ ಕೊನೆಗೂ ಸಿಕ್ಕಿದ್ದು ಅದಲುಬದಲಿನಿಂದ. ಚರ್ಮರೋಗ ಬೇಕಾಗಿದ್ದ ಸಹಪಾಠಿಯೊಬ್ಬಳಿಗೆ ಅರಿವಳಿಕೆ ಬಂದಿತ್ತು. ಇಬ್ಬರೂ ಎರಡೂ ವಿಭಾಗದ ಮುಖ್ಯಸ್ಥರ ಸಹಿ ಹಾಕಿಸಿ ಬದಲಾಯಿಸಿಕೊಂಡರು. ಇದು ಸಣ್ಣ ವಿಷಯ ಅನ್ನಿಸಬಹುದು. ಇದೇ ಅದಲುಬದಲಿನ ಲೆಕ್ಕದಲ್ಲಿ, ಗಂಡನ ಕಿಡ್ನಿ ಹೆಂಡತಿಗೆ ಹೊಂದದಿದ್ದಾಗ ಅಂಥದೇ ಇನ್ನೊಂದು ದಂಪತಿಯ ಜೊತೆ ಕಿಡ್ನಿ ಬದಲಾಯಿಸಿಕೊಳ್ಳುವ ವ್ಯವಸ್ಥೆಯನ್ನು ರಾತ್ ಮತ್ತು ಅವರ ಜೊತೆಗಾರರು ರೂಪಿಸಿದರು. ನಮ್ಮ ದೇಶದ ಕಾನೂನೂ 2011ರ ತಿದ್ದುಪಡಿಯಲ್ಲಿ ಇದಕ್ಕೆ ಅವಕಾಶ ಕೊಟ್ಟಿದೆ.

ಇಲೆಕ್ಟಿವ್ ಅನ್ನುವ ಪದ ನಮ್ಮ ನಿಯಮಗಳಿಗೆ ಬರುವ ಎಷ್ಟೋ ಮೊದಲೇ ತಮ್ಮ ಕಲಿಕೆಯ ಜಾಗವನ್ನು ತಾವೇ ಆರಿಸಿಕೊಂಡ ವೈದ್ಯರು ನಮ್ಮ ರಾಜ್ಯದಲ್ಲಿದ್ದಾರೆ. ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ ಸೋಲಿಗರ ನಡುವೆ ಕೆಲಸ ಮಾಡಿದರು, 1994ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. 1984ರಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮ್ಮೆಂಟ್ ಕಟ್ಟಿ, ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಗಳಲ್ಲಿ ಕೆಲಸ ಶುರುಮಾಡಿದವರು ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು. ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಆಗಿನ್ನೂ ಓದುತ್ತಿದ್ದ ಹುಡುಗರು. ನಮ್ಮ ಎಲ್ಲ ಮಕ್ಕಳೂ ಅಷ್ಟು ದೂರ ಹೋಗಲಿ ಅಂತ ನಾನು ಕೇಳುತ್ತಿಲ್ಲ. ಹದಿನೈದು ದಿನದ ಮಾತಾಡುತ್ತಿದ್ದೇನೆ.

ಆ ಹದಿನೈದು ದಿನಕ್ಕೆ ನಮ್ಮೂರಿಗೇ ಯಾರಾದರೂ ಬರಬಾರದೇಕೆ ಅನ್ನುವುದು ನನ್ನ ಕೊನೆಯ ವಿಷಯ. ಎರಡನೆಯ ಭಾಗವನ್ನು ಹಳ್ಳಿಯ ಚಿಕಿತ್ಸಾಲಯದಲ್ಲಿ, ಮೇಲ್ವಿಚಾರಣೆಯಲ್ಲಿ ಮಾಡಬಹುದು ಅಂತ ಆಗಲೇ ಹೇಳಿದೆ. ಕಾಲೇಜುಗಳ ಪಟ್ಟಿಯಲ್ಲಿ ಅಂಥ ಜಾಗಗಳು ಬಹಳ ಕಡಿಮೆ. ನಾನು ವಿಚಾರಿಸಿದ ಕಡೆ ಸಿಕ್ಕಿದ ಉತ್ತರ ಸರಳವಾಗಿತ್ತು: ಮೇಲ್ವಿಚಾರಣೆಗೆ ಒಪ್ಪುವ ಡಾಕ್ಟರು ಬೇಕು, ಹುಡುಗಿಯರೂ ನಿರಾತಂಕವಾಗಿ ಉಳಿಯುವಂಥ ಜಾಗ ಬೇಕು, ಊಟ ಬೇಕು. ನಮ್ಮ ಆರೋಗ್ಯ ಕೇಂದ್ರದ ಡಾಕ್ಟರ ಹತ್ತಿರ ಮೊನ್ನೆ ಮಾತಾಡಿದೆ. ಕಾಲೇಜಿನಿಂದಲೂ ಜಿಲ್ಲಾ ಆರೋಗ್ಯಾಧಿಕಾರಿಗಳಿಂದಲೂ ಪತ್ರ ಬಂದರೆ ಇಬ್ಬರನ್ನು ನೋಡಿಕೊಳ್ಳುತ್ತೇನೆ ಅಂದಿದ್ದಾರೆ. ಆಶಾ ಕಾರ್ಯಕರ್ತೆಯರು ಮನೆಮನೆ ಸುತ್ತುವಾಗ ಜೊತೆಗೆ ಕರೆದುಕೊಂಡು ಹೋಗಲು ತಯಾರಿದ್ದಾರೆ. ಅವರಿಗೆ ಗೊತ್ತಿರುವಷ್ಟು ಈ ಊರಿನ ಬಸುರಿ ಬಾಣಂತಿಯರ ವಿಷಯ ಯಾವ ಪುಸ್ತಕದಲ್ಲೂ ಇಲ್ಲ.

ಉಳಿದಿರುವುದು ಕೋಣೆ ಮತ್ತು ಊಟ. ಹಳೆಯ ವಿದ್ಯಾರ್ಥಿ ಸಂಘದಿಂದ ಊಟದ ಖರ್ಚು ಕೊಡಬಹುದು ಅಂತ ನಿನ್ನೆ ಸಭೆಯಲ್ಲಿ ಒಪ್ಪಿದ್ದಾರೆ. ಪೇಟೆಯ ಮಕ್ಕಳು ಬರುತ್ತಾರೆ, ಜಿಗಣೆ ಅಂದರೆ ಕಿರುಚುತ್ತಾರೆ, ಕುಚ್ಚಲಕ್ಕಿ ಗಂಜಿ ಎಲ್ಲರಿಗೂ ಸೇರುವುದಿಲ್ಲ. ಅದೆಲ್ಲ ಹೊಂದಿಕೊಳ್ಳುತ್ತದೆ. ಬಚ್ಚಲು ಶೌಚಾಲಯ ಸರಿ ಇರುವ, ಮನೆಯಲ್ಲಿ ಹೆಂಗಸರು ಇರುವ ಒಂದು ಕೋಣೆ ಕೊಡುವವರು ಬೇಕು. ಅರ್ಜಿ, ಪತ್ರ, ಕಾಲೇಜಿನವರ ಜೊತೆ ಓಡಾಟ ನನ್ನ ಜವಾಬ್ದಾರಿ. ಊಟ ಆದಮೇಲೆ ನಾನು ಹಳೆಯ ಲ್ಯಾಬಿನ ಜಗಲಿಯಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು ಕೂತಿರುತ್ತೇನೆ. ಕೋಣೆ ಇರುವವರು ಬಂದು ಹೆಸರು ಬರೆಸಿ. ಎಂ.ಬಿ.ಬಿ.ಎಸ್. ಓದುತ್ತಿರುವ ಮಕ್ಕಳಿರುವವರು, ಇಲೆಕ್ಟಿವ್ ಫಾರ್ಮ್ ಬಂದಿದ್ದರೆ ಅದನ್ನೂ ತನ್ನಿ. ತಂಗಿಗೆ ಸಂಜೆ ಆರರ ಮೇಲೆ ಡ್ಯೂಟಿ ಇಲ್ಲ, ಫೋನಿನಲ್ಲಿ ಸಿಗುತ್ತಾಳೆ.